ಯಾರೂ ಕೊಡದ ಬೆಲೆ

ಡ್ರೈವಿಂಗ್ ಶಾಲೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಬ್ರೇಕ್ ಮೇಷ್ಟ್ರು ಎಂದೇ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯಲ್ಲಿದ್ದ ಎರಡನೆಯ ಬ್ರೇಕಿನ ಮೇಲೆ ಪಾದವಿಟ್ಟುಕೊಂಡೇ ಅರ್ಧ ಆಯುಷ್ಯ ಕಳೆದವರು. ಆ ಅಭ್ಯಾಸ ಮನೆಗೂ ಬಂದಿತ್ತು. ಮಗಳು ಗುಬ್ಬಿ ಮೆಟ್ಟಿಲ ಮೇಲೆ ಓಡಿದರೆ, ಹಾಲು ಉಕ್ಕುವಂತಾದರೆ, ಹೆಂಡತಿ "ನಿಮಗೊಂದು ವಿಷಯ ಹೇಳ್ಬೇಕಿತ್ತು" ಎಂದರೆ, ಅವರ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು.

ಆ ಸಂಜೆಯೂ ಒತ್ತಿತು. ಕೆಲಸದಿಂದ ಬಂದ ಹೆಂಡತಿ ಬ್ಯಾಗನ್ನೂ ಕೆಳಗಿಡದೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಅದೇ ಮಾತು ಹೇಳಿದ್ದಳು.

ಅವಳು ಕಟ್ಟುಹಲ್ಲು ಮಾಡುವವಳು. ಊರಿನ ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದನ್ನು ನೋಡಿಕೊಂಡು ಮೇಣ ಹಚ್ಚಿ, ಹಲ್ಲು ಜೋಡಿಸಿ, ಒಸಡಿನ ಬಣ್ಣ ಕೂಡಿಸಿ ಕೊಡುವ ಸಣ್ಣ ಲ್ಯಾಬೊಂದರಲ್ಲಿ ಕೆಲಸ. "ಈ ಊರಲ್ಲಿ ನಗೋರಲ್ಲಿ ಅರ್ಧ ಜನ ನಾನು ಮಾಡಿದ ಹಲ್ಲಲ್ಲೇ ನಗೋದು" ಎಂಬುದು ಅವಳ ತಮಾಷೆ. ಲ್ಯಾಬಿನ ಯಜಮಾನರಿಗೆ ಈಗೀಗ ಕೈ ನಡುಗಲು ಶುರುವಾಗಿತ್ತು. ವರ್ಷದ ಕೊನೆಗೆ ಬಾಗಿಲು ಹಾಕುವವರಿದ್ದರು. ತಮ್ಮ ಹತ್ತಿರ ಬರುವ ವೈದ್ಯರನ್ನೆಲ್ಲ ಅವಳಿಗೇ ಬಿಟ್ಟುಕೊಡುತ್ತೇನೆ, ಆದರೆ ಅವಳದೇ ಒಂದು ಜಾಗ ಇರಬೇಕು, ನಲ್ಲಿ ಬೇಕು, ಪ್ಲಾಸ್ಟರಿನ ನೀರು ಹರಿದುಹೋಗಲು ಮೋರಿ ಬೇಕು ಎಂದು ಆ ಮಧ್ಯಾಹ್ನ ಹೇಳಿದ್ದರು.

ಇವರಿದ್ದದ್ದು ಲಾಂಡ್ರಿಯೊಂದರ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಕೆಳಗೆ ಯಂತ್ರ ತಿರುಗಿದರೆ ಮೇಲೆ ಶೆಲ್ಫಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಗುನುಗುತ್ತಿದ್ದವು. ಗುಬ್ಬಿ ಮಲಗುತ್ತಿದ್ದುದು ಎರಡು ಕೋಣೆಗಳ ನಡುವಿನ ಓಣಿಯಲ್ಲಿ. ಬಚ್ಚಲಿಗೆ ಹೋಗುವವರು ಅವಳನ್ನು ದಾಟಿಯೇ ಹೋಗಬೇಕು. ಅಂಥಲ್ಲಿ ಪ್ಲಾಸ್ಟರು ಕಲಸುವ ಮಾತೇ ಇರಲಿಲ್ಲ.

"ಜಾಗ ಎಲ್ಲಿಂದ ತರೋದು?" ಎಂದರು ಮೇಷ್ಟ್ರು.

"ನಮ್ಮನೆ ಮಾರಾಟಕ್ಕಿದೆ ರೀ" ಎಂದಳು ಹೆಂಡತಿ.

ನಮ್ಮನೆ ಎಂದರೆ ಅವರದಲ್ಲ. ರೈಲು ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ, ಇಳಿಜಾರಿನ ಬೀದಿಯ ತುದಿಗೆ, ಅಂಜೂರದ ಮರವೊಂದನ್ನು ಮುಂದಿಟ್ಟುಕೊಂಡು ನಿಂತ ಒಂದಂತಸ್ತಿನ ಮನೆ. ಮದುವೆಯಾದ ಹೊಸದರಲ್ಲಿ ಅವಳು ಅದನ್ನು ಕಣ್ಣು ಹಾಕಿ ಆರಿಸಿಕೊಂಡಿದ್ದಳು. "ಇವತ್ತು ನಮ್ಮನೆ ಕಿಟಕಿಗೆ ಬಣ್ಣ ಹೊಡೀತಿದ್ರು", "ನಮ್ಮನೆ ಮರ ಕಾಯಿ ಬಿಟ್ಟಿದೆ" ಎಂದು ಬಂದು ವರದಿ ಒಪ್ಪಿಸುವುದು, ಇವರು "ಬಾಡಿಗೆ ಸರಿಯಾಗಿ ಕೊಡ್ತಿದಾರಂತಾ?" ಎಂದು ಕೇಳುವುದು, ಇದು ಗಂಡ ಹೆಂಡಿರ ಹಳೆಯ ಆಟ.

"ಯಾವಾಗಿಂದ ಮಾರಾಟಕ್ಕಿದೆ?"

"ಬೋರ್ಡು ಹಾಕಿ ವರ್ಷದ ಮೇಲಾಯ್ತು. ನಿಮಗೆ ಹೇಳಿರ್ಲಿಲ್ಲ."

"ಯಾಕೆ?"

"ಬೀದಿ ಮೂಲೆಯ ಅಂಗಡೀಲಿ ಬೆಲೆ ವಿಚಾರಿಸಿದ್ದೆ."

ಅವಳು ಬೆಲೆ ಹೇಳಿದಳು. ಆ ಬೀದಿಯಲ್ಲಿ ಯಾವ ಮನೆಯೂ ಕಂಡಿರದ ಬೆಲೆ. ನಡೆಯುವ ದರಕ್ಕಿಂತ ಕಾಲು ಪಾಲು ಹೆಚ್ಚು. ಮೇಷ್ಟ್ರು ನಕ್ಕುಬಿಟ್ಟರು. ಹೆಂಡತಿ ನಗಲಿಲ್ಲ.

"ಸುಮ್ನೆ ನೋಡ್ಕೊಂಡು ಬರೋಣ. ನೋಡೋಕೇನು ದುಡ್ಡು ಕೊಡ್ಬೇಕಾ?" ಎಂದಳು.

ಭಾನುವಾರ ಮೂವರೂ ಹೋದರು. ಗೇಟಿನ ಚಿಲಕ ತೆಗೆದು ಒಳಗೆ ಹೋಗುವಾಗ ಹೆಂಡತಿ ಮೇಷ್ಟ್ರ ತೋಳು ಹಿಡಿದುಕೊಂಡಿದ್ದಳು, ಪರೀಕ್ಷೆಯ ಹಾಲಿಗೆ ಹೋಗುವವರಂತೆ.

ಬಾಗಿಲು ತೆಗೆದವರು ಐವತ್ತು ದಾಟಿದ, ನೆಟ್ಟಗೆ ನಿಲ್ಲುವ ಹೆಂಗಸು. "ಬನ್ನಿ. ಬಾಗಿಲನ್ನ ಜೋರಾಗಿ ಎಳ್ಕೊಳ್ಳಿ, ಸರಿಯಾಗಿ ಕೂರೋದಿಲ್ಲ ಅದು" ಎಂದರು. ಮೂವರೂ ಹೊಸ್ತಿಲಲ್ಲೇ ತಬ್ಬಿಬ್ಬಾಗಿ ನಿಂತರು. ಮುಖ ಗೊತ್ತಿಲ್ಲ, ಆದರೆ ದನಿ ಎಲ್ಲೋ ಕೇಳಿದ್ದು, ದಿನಾ ಕೇಳಿದ್ದು.

"ನೀವು ರೈಲು!" ಎಂದುಬಿಟ್ಟಳು ಗುಬ್ಬಿ.

ಆ ಹೆಂಗಸು ನಕ್ಕರು. "ಹೂಂ ಮರಿ, ನಾನೇ. ರೈಲು ತಡ ಮಾಡೋದು ಡ್ರೈವರು, ಊರಿಗೆಲ್ಲ ಕ್ಷಮೆ ಕೇಳೋದು ನಾನು." ನಿಲ್ದಾಣದಲ್ಲಿ ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಹೇಳುವವರು ಅವರು. ಆ ಗಳಿಗೆಯಿಂದ ಗುಬ್ಬಿಯ ಬಾಯಲ್ಲಿ ಅವರು ರೈಲಮ್ಮ ಆದರು. ಆಮೇಲೆ ಎಲ್ಲರ ಬಾಯಲ್ಲೂ.

ಮನೆ ತೋರಿಸುವ ರೀತಿ ಮಾತ್ರ ವಿಚಿತ್ರವಾಗಿತ್ತು. ಮಾರುವವರು ಸಾಮಾನ್ಯವಾಗಿ ಮುಚ್ಚಿಡುವುದನ್ನೆಲ್ಲ ರೈಲಮ್ಮ ಬೆರಳಿಟ್ಟು ತೋರಿಸುತ್ತ ಹೋದರು. "ಈ ಗೋಡೆ ಮಧ್ಯಾಹ್ನದ ಮೇಲೆ ಕಾದ ಹಂಚಾಗತ್ತೆ. ಈ ಮೂಲೆ ಮಳೆಗಾಲದಲ್ಲಿ ಬೆವರತ್ತೆ. ಪಕ್ಕದ ಮನೆಯ ನಾಯಿ ಬೆಳಗಾಗೋದಕ್ಕೆ ಮುಂಚೆ ಬೊಗಳೋಕೆ ಶುರು ಮಾಡತ್ತೆ. ಮರ ಅಂತೂ ಕೇಳ್ಲೇಬೇಡಿ, ಹಣ್ಣು ಬಿದ್ದು ಅಂಗಳವೆಲ್ಲ ಅಂಟಂಟು, ಇರುವೆ."

ಎಷ್ಟು ನೇರ ಮನುಷ್ಯರು ಎಂದುಕೊಂಡರು ಮೇಷ್ಟ್ರು. ಇಂಥವರು ಮೋಸ ಮಾಡುವುದಿಲ್ಲ ಎಂಬ ನಂಬಿಕೆ ಹುಟ್ಟಿತು. ನಂಬಿಕೆ ಹುಟ್ಟಿದ್ದೇ ಅವರಿಗೆ ಇನ್ನಷ್ಟು ಭಯವಾಯಿತು, ಏಕೆಂದರೆ ಮನೆ ಬೇಡವೆನ್ನಲು ಅವರು ಒಂದು ನೆಪ ಹುಡುಕುತ್ತಿದ್ದರು.

ಮನೆಯ ಪಕ್ಕಕ್ಕೆ, ಬೀದಿಗೆ ತನ್ನದೇ ಬಾಗಿಲಿದ್ದ ಒಂದು ಕೋಣೆ ಇತ್ತು. ರೈಲಮ್ಮನ ತಂದೆ ಫೋಟೋಗ್ರಾಫರ್. ಅಲ್ಲಿ ಫಿಲ್ಮು ತೊಳೆಯುತ್ತಿದ್ದರಂತೆ. ಗೋಡೆಯುದ್ದಕ್ಕೂ ಕಲ್ಲಿನ ತೊಟ್ಟಿ, ಮೇಲೆ ಎರಡು ನಲ್ಲಿ, ಕೆಳಗೆ ಅಗಲವಾದ ಮೋರಿ. ಹೆಂಡತಿ ಒಂದು ನಲ್ಲಿ ತಿರುಗಿಸಿ, ನೀರು ತೊಟ್ಟಿಗೆ ಬಿದ್ದು ಸುತ್ತಿ ಕೆಳಗೆ ಇಳಿಯುವುದನ್ನು ನೋಡುತ್ತ ನಿಂತಳು. ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. ಗುಬ್ಬಿ ಅಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಕಿಟಕಿಯ ಕಟ್ಟೆ ಹತ್ತಿ ಕೂತಿದ್ದಳು. ಬಾಗಿಲು ಹಾಕಿಕೊಳ್ಳಲು ಅವಳಿಗೆ ಈವರೆಗೆ ಬಾಗಿಲೇ ಇರಲಿಲ್ಲ.

"ಬೆಲೆ ಗೊತ್ತಲ್ಲ? ಮಾತಾಡಿ ಇಳಿಸಬಹುದು ಅಂದ್ಕೋಬೇಡಿ. ಇಳಿಯೋದಿಲ್ಲ" ಎಂದರು ರೈಲಮ್ಮ, ಬಾಗಿಲವರೆಗೆ ಬಂದು. ಆ ದನಿಯಲ್ಲಿ ಕೇಳಿದಾಗ ಅದು ಬದಲಾಗದ ವೇಳಾಪಟ್ಟಿಯಂತಿತ್ತು.

ಹೆಂಡತಿಯ ಅಣ್ಣ, ಮೇಷ್ಟ್ರ ಭಾವ, ನಲ್ಲಿ ಪೈಪುಗಳ ಅಂಗಡಿ ಇಟ್ಟವರು. ಊರಿನ ಎಲ್ಲ ಮನೆಗಳ ಒಳಗುಟ್ಟು ತಮಗೆ ಗೊತ್ತೆಂಬ ಧೋರಣೆ. ಸುದ್ದಿ ಕೇಳಿ ಅವರು ಕಣ್ಣು ಮೇಲೆ ಮಾಡಿದರು. "ನಿಮಗೆ ತಲೆ ಕೆಟ್ಟಿದೆಯಾ? ಅದೇ ಬೀದೀಲಿ ಮೂಲೆ ಮನೆ ಎಷ್ಟಕ್ಕೆ ಹೋಯ್ತು ಗೊತ್ತಾ? ಮನೆಗೆ ಕೊಡೋ ದುಡ್ಡು ಒಂದು, ಮರುಳಿಗೆ ಕೊಡೋ ದುಡ್ಡು ಒಂದು. ನಾಳೆ ಮಾರೋಕೆ ಹೋದ್ರೆ ಮರುಳನ್ನ ಯಾರೂ ಕೊಂಡ್ಕೊಳ್ಳಲ್ಲ."

"ಮಾರೋಕೆ ಯಾಕೆ ಹೋಗ್ತೀವಿ?" ಎಂದಳು ತಂಗಿ.

"ಎಲ್ಲರೂ ಹಾಗೇ ಅನ್ನೋದು" ಎಂದರು ಭಾವ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ಮೇಷ್ಟ್ರಿಗೆ ಚುಚ್ಚಿದ್ದು.

ಬ್ಯಾಂಕು ಮನೆ ನೋಡಿ ಬೆಲೆ ಕಟ್ಟುವವನೊಬ್ಬನನ್ನು ಕಳಿಸಿತು. ಅವನು ಗೋಡೆ ತಟ್ಟಿ, ಅಂಜೂರದ ಮರದ ಬೇರು ನೋಡಿ ಮೂಗು ಮುರಿದು, ಬೀದಿಯ ದರವನ್ನೇ ಬರೆದುಕೊಂಡು ಹೋದ. ಸಾಲ ಸಿಗುವುದು ಅದಕ್ಕೆ ಮಾತ್ರ. ಮೇಲಿನ ಕಾಲು ಪಾಲನ್ನು ಕೈಯಿಂದ ಹಾಕಬೇಕು. ಕೈಯಲ್ಲಿ ಅಷ್ಟು ಇತ್ತು, ಹೆಚ್ಚುಕಡಿಮೆ ಸರಿಯಾಗಿ ಅಷ್ಟೇ. ಆದರೆ ಅದು ಮೇಷ್ಟ್ರ ಕಾರಿನ ದುಡ್ಡು.

ಅವರಿಗೂ ಒಂದು ಕನಸಿತ್ತು. ಇನ್ನೊಬ್ಬರ ಶಾಲೆಯಲ್ಲಿ ಇನ್ನೊಬ್ಬರ ಕಾರಿನಲ್ಲಿ ಕಲಿಸುವುದು ಸಾಕು, ತಮ್ಮದೇ ಕಾರು ಕೊಂಡು ಎರಡು ಬ್ರೇಕು ಹಾಕಿಸಿ, ಬಾಗಿಲ ಮೇಲೆ ಶಾಲೆಯ ಹೆಸರು ಬರೆಸಬೇಕೆಂದು. ಗ್ಯಾರೇಜಿನವನ ಹತ್ತಿರ ಮಾತೂ ಆಗಿತ್ತು. ಬಿಳಿ ಬಣ್ಣದ್ದು, ಹೆಚ್ಚು ಓಡಿಲ್ಲ, ಬೇರೆಯವರಿಗೆ ತೋರಿಸಬೇಡ ಎಂದು ಹೇಳಿಬಂದಿದ್ದರು.

ಹೆಂಡತಿ ಆ ದುಡ್ಡಿನ ಮಾತೆತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು. ಅವಳು ಸುಮ್ಮನೆ ಕೆಲಸಕ್ಕೆ ಹೋಗಿ ಬರುತ್ತಿದ್ದಳು, ಬರುವಾಗ ಆ ಬೀದಿ ತಪ್ಪಿಸಿ ಬೇರೆ ದಾರಿಯಲ್ಲಿ ಬರುತ್ತಿದ್ದಳು. ಇದು ಗುಬ್ಬಿಯಿಂದ ಗೊತ್ತಾಯಿತು. "ಅಮ್ಮ ಈಗ ನಮ್ಮನೆ ಕಡೆ ಹೋಗಲ್ಲಪ್ಪ. ಹೋದ್ರೆ ಹೊಟ್ಟೆ ನೋಯತ್ತಂತೆ."

ಮೇಷ್ಟ್ರು ಮಾತ್ರ ಹೋಗುತ್ತಿದ್ದರು. ಯಾರಿಗೂ ಹೇಳದೆ, ಪಾಠದ ಕಾರಿನಲ್ಲೇ. ಕಲಿಯುವವರು ಯಾರೇ ಇರಲಿ, "ಇಲ್ಲಿ ಎಡಕ್ಕೆ ತಗೊಳ್ಳಿ, ಇಳಿಜಾರಿನ ಅಭ್ಯಾಸ ಆಗ್ಲಿ" ಎಂದು ಆ ಬೀದಿಗೆ ತಿರುಗಿಸುತ್ತಿದ್ದರು. ಬೋರ್ಡು ಇನ್ನೂ ಇದೆಯೇ ಎಂದು ನೋಡುವುದು. ಇದ್ದರೆ ಒಂದು ಚಿಂತೆ, ನಿರ್ಧಾರ ಇನ್ನೂ ತಮ್ಮ ತಲೆಯ ಮೇಲೇ ಇದೆ ಎಂದು. ಇಲ್ಲದಿದ್ದರೆ ಏನು ಮಾಡುವುದೆಂದು ಇನ್ನೊಂದು ಚಿಂತೆ. ಒಮ್ಮೆ ಅವರು ಹಸಿರು ದೀಪವಿದ್ದ ಚೌಕದ ನಡುವೆ ಗಕ್ಕನೆ ಬ್ರೇಕು ಒತ್ತಿಬಿಟ್ಟರು. ಹಿಂದಿನ ಗಾಡಿಗಳೆಲ್ಲ ಹಾರ್ನು ಹೊಡೆದವು. ಸ್ಟೇರಿಂಗ್ ಹಿಡಿದು ಕಲಿಯುತ್ತಿದ್ದ ನರ್ಸಮ್ಮ ಅಳುವಂತಾಗಿ, "ನಾನೇನು ತಪ್ಪು ಮಾಡ್ದೆ ಮೇಷ್ಟ್ರೇ?" ಎಂದರು.

"ಏನೂ ಇಲ್ಲಮ್ಮ. ತಪ್ಪು ನನ್ನ ಕಾಲಿಂದು."

ಅದಾದ ಕೆಲವೇ ದಿನಕ್ಕೆ, ಅದೇ ನರ್ಸಮ್ಮ ಇಳಿಜಾರಿನಲ್ಲಿ ಕಾರು ಇಳಿಸುತ್ತಿದ್ದಾಗ, ಮನೆಯ ಮುಂದೆ ಒಂದು ದೊಡ್ಡ ವ್ಯಾನು ನಿಂತಿತ್ತು. ದಪ್ಪನೆಯ ಮನುಷ್ಯನೊಬ್ಬ ಟೇಪು ಹಿಡಿದು ಗೇಟಿನ ಅಗಲ ಅಳೆಯುತ್ತಿದ್ದ. ಅಳೆದು, ತಲೆಯಾಡಿಸಿ, ಒಳಗೆ ನಡೆದುಹೋದ, ತನ್ನದೇ ಮನೆಯೆಂಬಂತೆ.

"ಇನ್ನೊಂದು ಸುತ್ತು ಹೊಡೀರಿ" ಎಂದರು ಮೇಷ್ಟ್ರು.

ಎರಡನೆಯ ಸುತ್ತಿಗೆ ಆ ಮನುಷ್ಯ ಅಂಗಳದಲ್ಲಿ ನಿಂತು ಮರವನ್ನು ನೋಡುತ್ತಿದ್ದ. ಮರ ಕಡಿಸಲು ಲೆಕ್ಕ ಹಾಕುತ್ತಿದ್ದಾನೆ ಎಂದು ಮೇಷ್ಟ್ರಿಗೆ ಖಾತ್ರಿಯಾಯಿತು. ಪಾಠ ಅರ್ಧಕ್ಕೇ ಮುಗಿಸಿ, ಕಾರು ಶಾಲೆಯಲ್ಲಿ ಬಿಟ್ಟು, ನಡೆದೇ ಹೆಂಡತಿಯ ಲ್ಯಾಬಿಗೆ ಹೋದರು. ಅಲ್ಲಿಗೆ ಅವರು ಹೋಗುವುದೇ ಅಪರೂಪ. ಕಪಾಟಿನ ತುಂಬ ಬಿಳಿಯ ದವಡೆಗಳು ಬಾಯಿ ತೆರೆದು ಕೂತಿದ್ದವು. ಹೆಂಡತಿ ಒಂದು ಕೋರೆಹಲ್ಲನ್ನು ಮೇಣದಲ್ಲಿ ಕೂರಿಸುತ್ತಿದ್ದಳು.

"ಕೊಡೋಣ" ಎಂದರು.

ಅವಳ ಕೈ ನಿಂತಿತು. "ಏನನ್ನ?"

"ಅವರು ಕೇಳಿದ್ದನ್ನ. ಪೂರ್ತಿ. ಇವತ್ತೇ ಹೇಳಿಬಿಡೋಣ, ಬೇರೆ ಯಾರೋ ಬಂದಿದಾರೆ."

"ಮತ್ತೆ ನಿಮ್ಮ ಕಾರು?"

"ಕಾರು ಎಲ್ಲಿ ಓಡಿಹೋಗತ್ತೆ?"

"ಓಡಿಹೋಗೋದೇ ಅಲ್ವಾ ಅದರ ಕೆಲಸ" ಎಂದವಳು ನಗಲು ನೋಡಿ, ಆಗದೆ, ಮೊಣಕೈಯಿಂದ ಕಣ್ಣು ಒರೆಸಿಕೊಂಡಳು. "ನನಗೆ ಭಯ ಆಗ್ತಿದೆ ರೀ. ಬೇಡ ಅಂತ ನೀವು ಹೇಳ್ತೀರಿ ಅನ್ನೋ ಧೈರ್ಯದ ಮೇಲೇ ನಾನು ಇಷ್ಟು ದಿನ ಆಸೆಪಟ್ಟಿದ್ದು."

ರೈಲಮ್ಮನ ಪಾಳಿ ಮುಗಿಯುವ ಹೊತ್ತಿಗೆ ಇಬ್ಬರೂ ಅವರ ಮನೆಗೆ ಹೋದರು. ವ್ಯಾನು ಇನ್ನೂ ಅಲ್ಲೇ ಇತ್ತು. ಮೇಷ್ಟ್ರು ನಿಂತುಕೊಂಡೇ, ಉಸಿರು ತೆಗೆದುಕೊಳ್ಳದೆ, ಒಂದೇ ಸಲಕ್ಕೆ ಹೇಳಿದರು. "ನೀವು ಹೇಳಿದ ಬೆಲೆಗೆ ನಾವು ಒಪ್ಕೊಂಡಿದೀವಿ. ಒಂದು ಪೈಸೆ ಕಡಿಮೆ ಕೇಳಲ್ಲ."

ಮನೆ ಮಾರಾಟವಾದವರ ಮುಖ ಹೇಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಆದರೂ ಹೀಗಿರುವುದಿಲ್ಲ ಎಂಬುದು ತಿಳಿಯಿತು. ರೈಲಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡರು. ಊರಿಗೆಲ್ಲ ಕೇಳುವ ದನಿಯವರು, "ಕೂತಿರಿ, ನೀರು ತರ್ತೀನಿ" ಎಂದು ಪಿಸುಗುಟ್ಟಿ ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ತಿರುಗಿದ ಸದ್ದಾಯಿತು. ನೀರು ಸುರಿಯುತ್ತಲೇ ಇತ್ತು. ಯಾರೂ ನಿಲ್ಲಿಸಲಿಲ್ಲ.

ಹಿತ್ತಿಲ ಬಾಗಿಲಿನಿಂದ ಆ ದಪ್ಪನೆಯ ಮನುಷ್ಯ ಬಂದ. ಅಂಗಿಯ ಮೇಲೆಲ್ಲ ಹಿಟ್ಟು. ಅವನು ರೈಲಮ್ಮನ ತಮ್ಮ, ಬೇಕರಿ ಇಟ್ಟವನು. ಹಿತ್ತಿಲ ಶೆಡ್ಡಿನಲ್ಲಿದ್ದ ಹಳೆಯ ಹಿಟ್ಟು ಕಲಸುವ ಯಂತ್ರ ಗೇಟಿನಲ್ಲಿ ಹಿಡಿಯುತ್ತದೋ ಎಂದು ಅಳೆಯಲು ಬಂದಿದ್ದನಂತೆ. ವಿಷಯ ಕೇಳಿ ಅವನು ಮೇಷ್ಟ್ರ ಎರಡೂ ಕೈ ಹಿಡಿದು ಕುಲುಕಿದ. ಕುಲುಕುತ್ತಲೇ ಇದ್ದ.

"ಸ್ವಾಮಿ, ನೀವು ಯಾರೋ ಏನೋ, ನನ್ನ ಪಾಲಿನ ದೇವರು! ಮನೆ ನಮ್ಮಿಬ್ಬರದು, ಅರ್ಧ ಅರ್ಧ. ಬೇಕರಿ ಕಟ್ಟಡದವರು ನನ್ನ ಖಾಲಿ ಮಾಡಿಸ್ತಿದಾರೆ, ನನಗೆ ನನ್ನ ಪಾಲು ಬೇಕಿತ್ತು. ಮಾರೋಣ ಅಂದೆ. ಆಯ್ತು, ಆದ್ರೆ ಬೆಲೆ ಇಡೋದು ನಾನು ಅಂದ್ಲು ನಮ್ಮಕ್ಕ. ಅಷ್ಟು ಯಾರೂ ಕೊಡಲ್ಲ ಅಂತಾನೇ ಅವಳು ಅಷ್ಟು ಇಟ್ಟಿದ್ದು! ಕೊಟ್ಟ ಮಾತಿಗೆ ಕಟ್ಟುಬಿದ್ದು ವರ್ಷದಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀನಿ. ಇನ್ನೇನು ಯಂತ್ರನೂ ಮಾರಿ ಕೈತೊಳ್ಕೊಳ್ಳೋಣ ಅಂತಿದ್ದೆ..." ಅವನಿಗೆ ನಗುವೋ ಅಳುವೋ ತಿಳಿಯದಂತಾಗಿತ್ತು.

ನಲ್ಲಿಯ ಸದ್ದು ನಿಂತಿತು. ಒಳಗಿನಿಂದ ಯಾರೂ ಬರಲಿಲ್ಲ. ಮೇಷ್ಟ್ರೂ ಹೆಂಡತಿಯೂ ನೀರು ಕುಡಿಯದೆ ಎದ್ದರು.

ಇಬ್ಬರೂ ಬೀದಿ ಏರಿದರು. ಆಮೇಲೆ ಹೆಂಡತಿ, "ನಂಗೆ ಬೇಡ ರೀ ಈ ಮನೆ" ಎಂದಳು.

"ಏನಂದೆ?"

"ಅವರು ನಮಗೆ ದೋಷ ತೋರಿಸ್ತಾ ಇರ್ಲಿಲ್ಲ. ಹೋಗಿ ಹೋಗಿ ಅಂತಿದ್ರು. ನಾವು ಕಿವುಡರ ಹಾಗೆ ನೋಡ್ಕೊಂಡು ಬಂದ್ವಿ. ಒಬ್ಬರನ್ನ ಎಬ್ಬಿಸಿ ಆ ಜಾಗದಲ್ಲಿ ಕೂತು ನಾನು ಹಲ್ಲು ಮಾಡ್ಲಾ?"

ಮೇಷ್ಟ್ರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ದಿನ ಒತ್ತಿ ಹಿಡಿದಿದ್ದ ಕಾಲು ತೆಗೆದು, ಎದೆ ಗಟ್ಟಿ ಮಾಡಿಕೊಂಡು, ಬಿಳಿಯ ಕಾರನ್ನು ಮನಸ್ಸಿನಿಂದ ಹೊರಗೆ ನೂಕಿ ಬಂದಿದ್ದರು. "ಆ ತಮ್ಮನಿಗೂ ಹಕ್ಕಿಲ್ವಾ? ನಾವಲ್ಲದಿದ್ರೆ ಇನ್ನೊಬ್ಬರು ಬರ್ತಾರೆ. ಬಂದವರು ಮರ ಕಡೀತಾರೆ. ಆಗ ಯಾರಿಗೆ ಒಳ್ಳೇದಾಯ್ತು?"

"ಇಷ್ಟು ಬೆಲೆಗೆ ಇನ್ನೊಬ್ಬರು ಬರಲ್ಲ. ಬರಲ್ಲ ಅಂತಾನೇ ಅಲ್ವಾ ಅವರು ಉಳ್ಕೊಂಡಿದ್ದು?"

ಆ ವಾರವೆಲ್ಲ ಮನೆಯಲ್ಲಿ ಬೇಕಾದಷ್ಟೇ ಮಾತು. ಬ್ಯಾಂಕಿನಿಂದ ಫೋನು ಬಂದರೆ ಒಬ್ಬರ ಮುಖ ಒಬ್ಬರು ನೋಡುವುದು, ಯಾರೂ ಎತ್ತದಿರುವುದು. ಬೇಕರಿಯವನೂ ಎರಡು ಸಲ ಫೋನು ಮಾಡಿದ. ಗುಬ್ಬಿ ಎತ್ತಿ, "ಅಪ್ಪ ಅಮ್ಮ ಇಬ್ರೂ ಇದಾರೆ, ಆದ್ರೆ ಇಲ್ಲ" ಎಂದು ಹೇಳಿ ಇಟ್ಟಳು.

ಕೊನೆಗೆ ಹೆಂಡತಿಯೇ ಒಂದು ಮಧ್ಯಾಹ್ನ ನಿಲ್ದಾಣಕ್ಕೆ ಹೋದಳು. ಪ್ಲಾಟ್‌ಫಾರ್ಮಿನ ತುದಿಯ ಮೆಟ್ಟಿಲು ಹತ್ತಿದರೆ ಗಾಜಿನ ಗೂಡಿನಂಥ ಕೋಣೆ. ಮೈಕಿನ ಮುಂದೆ ರೈಲಮ್ಮ ಕೂತಿದ್ದರು. ಇವಳನ್ನು ನೋಡಿ ಪಕ್ಕದ ಸ್ಟೂಲನ್ನು ಕಾಲಿನಿಂದ ಸರಿಸಿದರು.

"ನಾವು ಹಿಂದೆ ಸರೀತೀವಿ ಅಂತ ಹೇಳೋಕೆ ಬಂದೆ" ಎಂದಳು ಇವಳು. "ನಮಗೆ ಗೊತ್ತಿರ್ಲಿಲ್ಲ. ದಯವಿಟ್ಟು ತಪ್ಪು ತಿಳೀಬೇಡಿ."

ರೈಲಮ್ಮ ಬೆರಳೆತ್ತಿ ತಡೆದು, ಗುಂಡಿ ಒತ್ತಿ, ತುಂಬಿದ ದನಿಯಲ್ಲಿ ಯಾವುದೋ ಗಾಡಿ ತಡವಾಗಿ ಬರುತ್ತಿರುವುದಕ್ಕೆ ವಿಷಾದ ಹೇಳಿದರು. ಗುಂಡಿ ಬಿಟ್ಟು ಸಣ್ಣ ದನಿಗೆ ಇಳಿದರು.

"ಸರಿದು ಏನು ಮಾಡ್ತೀರಿ?"

"ನೀವು ಇರಬಹುದಲ್ಲ ಅಲ್ಲೇ."

"ಎಷ್ಟು ದಿನ? ಬೆಲೆಗೆ ಜನ ಸಿಕ್ಕಿದ್ರು, ಆದ್ರೂ ಅಕ್ಕ ಬಿಡ್ಲಿಲ್ಲ ಅಂತಾಗತ್ತೆ. ಒಂದು ವರ್ಷ ನನ್ನ ತಮ್ಮ ನನ್ನ ಮುಖಕ್ಕೆ ಎದುರು ಮಾತಾಡಿಲ್ಲ. ಬ್ರೆಡ್ಡು ತಂದುಕೊಟ್ಟು ಹೋಗ್ತಿದ್ದ, ವಾರವಾರ. ಆ ಬ್ರೆಡ್ಡು ತಿನ್ನೋದು ನನಗೆಷ್ಟು ಕಷ್ಟ ಆಗ್ತಿತ್ತು ಗೊತ್ತಾ?" ಅವರು ಕೆಳಗೆ ನೋಡಿದರು. ಜನ ಗಂಟುಮೂಟೆ ಹಿಡಿದು ಅತ್ತಿತ್ತ ಓಡುತ್ತಿದ್ದರು. "ನಾನು ಇಟ್ಟಿದ್ದು ಬೆಲೆ ಅಲ್ಲ, ಬೇಲಿ. ನೀವು ದಾಟಿಬಿಟ್ರಿ. ನಿಮ್ಮ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳ್ಲಿ. ಎರಡು ದಿನ ಊಟ ಸೇರ್ಲಿಲ್ಲ."

ಇವಳ ಕಣ್ಣು ತುಂಬಿತು. "ಅದಕ್ಕೇ ಬೇಡ ಅಂತಿರೋದು."

"ಪೂರ್ತಿ ಕೇಳಿ. ಮೂರನೇ ದಿನ ಕೂತು ಯೋಚನೆ ಮಾಡ್ದೆ. ಬೀದಿ ದರಕ್ಕೆ ಮಾರಿದ್ರೆ ನನ್ನ ಅರ್ಧದಲ್ಲಿ ನನಗೆ ಬಾಡಿಗೆ ಮನೆಯೇ ಗತಿ. ನೀವು ಕೊಡೋ ಬೆಲೆಗಾದ್ರೆ, ನಿಲ್ದಾಣದ ಹಿಂದಿನ ಹೊಸ ಕಟ್ಟಡದಲ್ಲಿ ಒಂದು ಕೋಣೆಯ ಫ್ಲಾಟು ಬರತ್ತೆ. ನನ್ನ ಹೆಸರಲ್ಲಿ. ಅರ್ಧ ಅಲ್ಲ, ಪೂರ್ತಿ. ಈಗ ನೀವು ಬಂದು ನನ್ನ ಮೇಲೆ ಕನಿಕರ ತೋರಿಸಿ ಅದನ್ನೂ ಕಿತ್ಕೋಬೇಡಿ."

"ನಿಜವಾಗ್ಲೂ ಹೇಳ್ತಿದೀರಾ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

ರೈಲಮ್ಮ ಮತ್ತೆ ಬೆರಳೆತ್ತಿದರು. ಗುಂಡಿ ಒತ್ತಿದರು. ಎರಡನೆಯ ಪ್ಲಾಟ್‌ಫಾರ್ಮಿನ ಅಂಚಿನಿಂದ ದೂರ ನಿಲ್ಲಿ ಎಂದರು. ಗುಂಡಿ ಬಿಟ್ಟ ಮೇಲೆ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. "ಒಂದೇ ಮಾತು. ಆ ಫ್ಲಾಟು ಮುಗಿಯೋವರೆಗೆ ನನಗೆ ಟೈಮ್ ಕೊಡಿ. ಚಳಿಗಾಲ ಕಳೀಲಿ" ಎಂದರು.

ಹೆಂಡತಿ ಮನೆಗೆ ಬಂದು ಎಲ್ಲವನ್ನೂ, ಉತ್ತರ ಸಿಗದ ಪ್ರಶ್ನೆಯನ್ನೂ ಸೇರಿಸಿ, ಹೇಳಿದಳು. ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿದರು. ಚಳಿಗಾಲ ಕಳೆಯುವವರೆಗೆ ಎಂದರೆ ಇಲ್ಲಿಯ ಬಾಡಿಗೆಯೂ ಕಟ್ಟಬೇಕು, ಸಾಲದ ಕಂತೂ ಕಟ್ಟಬೇಕು. ಅವಳ ಲ್ಯಾಬು ಅಷ್ಟರಲ್ಲಿ ಮುಚ್ಚಿರುತ್ತದೆ. ನಡುವೆ ವೈದ್ಯರು ಬೇರೆ ಕಡೆ ಹೋಗಿಬಿಟ್ಟರೆ? ಗುಬ್ಬಿಗೆ ಜ್ವರ ಬಂದರೆ? ಶಾಲೆಯ ಯಜಮಾನ ತಮ್ಮನ್ನು ಬಿಡಿಸಿದರೆ?

"ಏನ್ ಮಾಡೋಣ?" ಎಂದಳು ಹೆಂಡತಿ.

"ಪಕ್ಕದ ಕೋಣೆಯನ್ನಾದ್ರೂ ಮೊದ್ಲೇ ಬಿಟ್ಟುಕೊಡ್ತಾರಾ ಕೇಳು. ಅದಕ್ಕೆ ಬೇರೆ ಬಾಗಿಲಿದೆಯಲ್ಲ" ಎಂದರು ಮೇಷ್ಟ್ರು.

ರೈಲಮ್ಮ ಒಪ್ಪಿದರು. ಕಾಗದಪತ್ರಕ್ಕೆ ಮೇಷ್ಟ್ರು ಹಾಕಿದ ಸಹಿ ಹೊಂದುತ್ತಿಲ್ಲವೆಂದು ಬ್ಯಾಂಕಿನವರು ಮತ್ತೊಮ್ಮೆ ಹಾಕಿಸಿಕೊಂಡರು. ಗ್ಯಾರೇಜಿನವನಿಗೆ ಅವರೇ ಹೋಗಿ ಹೇಳಿದರು. ಅವನು ಬಿಳಿಯ ಕಾರಿನ ಮೇಲಿನ ಧೂಳು ಒರೆಸುತ್ತ, "ಪರವಾಗಿಲ್ಲ ಬಿಡಿ, ಕೇಳೋರು ಇದಾರೆ" ಎಂದ. ಅಲ್ಲಿಂದ ವಾಪಸು ಬರುವಾಗ ಮೇಷ್ಟ್ರು ದಾರಿ ತಪ್ಪಿ, ತಾವು ಎಲ್ಲಿದ್ದೇವೆಂದು ತಿಳಿಯದೆ ಒಂದು ಅಂಗಡಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದರು.

ಆ ಚಳಿಗಾಲ ಹೆಂಡತಿ ದಿನವೂ ಪಕ್ಕದ ಬಾಗಿಲಿನಿಂದ ಹೋಗಿ ಪ್ಲಾಸ್ಟರು ಕಲಸಿದಳು. ಗೋಡೆಯ ಆಚೆ ರೈಲಮ್ಮ ಪಾತ್ರೆ ಕಟ್ಟುವ, ಪೆಟ್ಟಿಗೆ ಎಳೆಯುವ ಸದ್ದು ಕೇಳುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಹೆಚ್ಚು ಮಾತಾಡಿಸಲಿಲ್ಲ. ಇಬ್ಬರು ವೈದ್ಯರು ಬೇರೆ ಲ್ಯಾಬಿಗೆ ಹೋದರು. ಉಳಿದವರು ಉಳಿದರು. ವಸಂತದಲ್ಲಿ ಬೇಕರಿಯವನ ವ್ಯಾನಿನಲ್ಲೇ ರೈಲಮ್ಮನ ಸಾಮಾನು ಹೋಯಿತು. ಬೀಗದ ಕೈ ಕೊಡುವಾಗ ಅವರು ಗುಬ್ಬಿಯ ತಲೆ ಸವರಿ, ಬೇರೇನೂ ಹೇಳದೆ, ಚಾಲಕನ ಪಕ್ಕ ಹತ್ತಿ ಕೂತರು.

ಮುಂದೊಂದು ದಿನ ಹೆಂಡತಿ ರೈಲಿಗೆ ಕಾಯುತ್ತಿದ್ದಾಗ ಅವರು ಎದುರು ಸಿಕ್ಕರು. "ಹೊಸ ಮನೆ ಹೇಗಿದೆ?" ಎಂದು ಇವಳು ಅಳುಕುತ್ತ ಕೇಳಿದಳು. "ಲಿಫ್ಟಿದೆ" ಎಂದರು ರೈಲಮ್ಮ. ಅಷ್ಟರಲ್ಲಿ ಅವರ ಪಾಳಿಯ ಹೊತ್ತಾಯಿತು.

ಎರಡು ಮನೆ ಆಚೆಗಿನ ಮನೆ ಮರುವರ್ಷ ಮಾರಾಟವಾಯಿತು. ಇವರದಕ್ಕಿಂತ ದೊಡ್ಡದು, ಇವರು ಕೊಟ್ಟಿದ್ದಕ್ಕಿಂತ ತೀರ ಕಡಿಮೆಗೆ. ಭಾವ ಬಂದು ಆ ಸುದ್ದಿ ಹೇಳಿ, ಕಾಫಿ ಕುಡಿದು, "ನಾನೇನೂ ಹೇಳಲ್ಲಪ್ಪ" ಎಂದು ಎರಡು ಸಲ ಹೇಳಿ ಹೋದರು. ಮೇಷ್ಟ್ರಿಗೆ ಒಂದು ವಾರ ಅನ್ನ ರುಚಿಸಲಿಲ್ಲ.

ಆ ಬೇಸಿಗೆಯಲ್ಲೇ ನೆಲದಡಿಯ ನೀರಿನ ತೊಟ್ಟಿ ಬಿರುಕು ಬಿಟ್ಟಿತು. ರೈಲಮ್ಮನೂ ತೋರಿಸಿರಲಿಲ್ಲ, ಬ್ಯಾಂಕಿನವನೂ ಕಂಡಿರಲಿಲ್ಲ. ಪ್ಲಂಬರಿಗೆ ಕೊಡಲು ಕೈಯಲ್ಲಿ ಏನೂ ಇರದ ಕಾರಣ ಭಾನುವಾರ ಗಂಡ ಹೆಂಡತಿಯೇ ಇಳಿದರು. ಮೇಷ್ಟ್ರು ಒಳಗೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಕೆಟ್ಟು ತುಂಬಿ ಕೊಡುವುದು, ಅವಳು ಮೇಲೆ ಮಂಡಿಯೂರಿ ಎಳೆದುಕೊಂಡು ಚೆಲ್ಲುವುದು. ನೀರೆಲ್ಲ ಖಾಲಿಯಾದ ಮೇಲೆ ಅವಳೇ ಪ್ಲಾಸ್ಟರು ಕಲಸುವ ಕರಣೆ ಹಿಡಿದು ಕೆಳಗಿಳಿದು, ಬಿರುಕಿನುದ್ದಕ್ಕೂ ಸಿಮೆಂಟು ತುಂಬಿದಳು, ಹಲ್ಲಿನ ಸಂದು ತುಂಬುವಷ್ಟು ನಯವಾಗಿ.

"ಒಂದು ಕೇಳ್ತೀನಿ, ನಿಜ ಹೇಳಿ" ಎಂದಳು, ಗೋಡೆಯಿಂದ ಕಣ್ಣು ತೆಗೆಯದೆ. "ಕೊಟ್ಟಿದ್ದಕ್ಕೆ ನಿಮಗೆ ಬೇಜಾರಿದೆಯಾ?"

ಮೇಷ್ಟ್ರು ಬಕೆಟ್ಟಿನ ತಳದ ಕೆಸರು ಬಳಿದರು.

"ಕಂತು ಕಟ್ಟೋ ದಿನ ಆಗತ್ತೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ."

"ಆಮೇಲೆ?"

"ಆಮೇಲೆ ಪಾಠ ಇರತ್ತೆ."

ಅವಳು ನಕ್ಕಳು. ತೊಟ್ಟಿಯ ಗೋಡೆಗಳು ಆ ನಗುವನ್ನು ದೊಡ್ಡದು ಮಾಡಿದವು. ಮೇಲಿನಿಂದ ಗುಬ್ಬಿ ಬಗ್ಗಿ ನೋಡಿ, "ಇಬ್ರೂ ಒಳಗೇ ಇರ್ತೀರಾ? ನಂಗೆ ಹಸಿವು" ಎಂದಳು. ಮೇಷ್ಟ್ರು ಕೈ ಚಾಚಿದರು. ಹೆಂಡತಿ ಅವರ ಹೆಗಲ ಮೇಲೆ ಕಾಲಿಟ್ಟು ಮೊದಲು ಹತ್ತಿದಳು. ಸಿಮೆಂಟು ಒಣಗಲು ಇನ್ನೂ ಒಂದು ದಿನ ಬೇಕಿತ್ತು. ಹಿಡಿಯುತ್ತದೋ ಇಲ್ಲವೋ ಆಮೇಲೆ ಗೊತ್ತಾಗಬೇಕು.